ವಿಕಾಸ ಒಪ್ಪಿದರೆ ಆದಾಮ ಎಲ್ಲಿ ಹೋದ?

ಓದುಗರ ಪ್ರಶ್ನೆ: ನಾವು ಹುಬ್ಬಳ್ಳಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್) ಸಭೆಯವರು. ನನ್ನ ಹೆಂಡತಿಯ ತವರು ಮಂಗಳೂರಿನ ಕಥೊಲಿಕ್ ಮನೆ. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ನೀಟ್‌ಗೆ ಓದುತ್ತಿದ್ದಾಳೆ. ದಸರಾ ರಜೆಯಲ್ಲಿ ಯುವಜನರ ಶಿಬಿರಕ್ಕೆ ಹೋಗಿ ಬಂದ ಮೇಲೆ ಬಯಾಲಜಿಯ ವಿಕಾಸದ ಪಾಠ ತೆರೆಯಲಿಕ್ಕೇ ಹಿಂಜರಿಯುತ್ತಾಳೆ. ಅಲ್ಲಿ ಮಾತಾಡಿದವರು, "ವಿಕಾಸ ನಿಜವಾದರೆ ಆದಾಮನಿಲ್ಲ, ಆದಾಮನಿಲ್ಲದಿದ್ದರೆ ಪಾಪವಿಲ್ಲ, ಪಾಪವಿಲ್ಲದಿದ್ದರೆ ಶಿಲುಬೆ ಯಾಕೆ?" ಅಂದರಂತೆ. ಇತ್ತ ಕಾಲೇಜಿನ ಉಪನ್ಯಾಸಕರು, "ಡಾರ್ವಿನ್ ಬಂದ ಮೇಲೆ ದೇವರಿಗೆ ಕೆಲಸವಿಲ್ಲ" ಎಂದು ನಗುತ್ತಾರಂತೆ. ನನ್ನ ಅತ್ತೆಯವರದು ಮೂರನೇ ಮಾತು: "ಪೋಪರೇ ಒಪ್ಪಿದ್ದಾರೆ, ನಿಮ್ಮದೇನು ರಗಳೆ?" ನಂಬದ್ದನ್ನು ಪರೀಕ್ಷೆಯಲ್ಲಿ ಬರೆದರೆ ಸುಳ್ಳುಸಾಕ್ಷಿ ಹೇಳಿದ ಹಾಗಲ್ಲವೇ ಎಂದು ಮಗಳು ಕೇಳುತ್ತಾಳೆ. ನೀಟ್ ಮುಗಿದ ಮೇಲೆ ಮೇ ತಿಂಗಳ ವಿ.ಬಿ.ಎಸ್.ನಲ್ಲಿ (ಸಭೆಯ ರಜಾ ಬೈಬಲ್ ಶಾಲೆಯಲ್ಲಿ) ಚಿಕ್ಕ ಮಕ್ಕಳಿಗೆ ಸೃಷ್ಟಿಯ ಪಾಠ ಹೇಳುವ ಕೆಲಸವೂ ಅವಳ ಪಾಲಿಗೇ ಬಂದಿದೆ. ಕ್ರೈಸ್ತ ನಂಬಿಕೆ, ವಿಕಾಸ ಎರಡೂ ಕೂಡಿ ನಿಲ್ಲುತ್ತವೆಯೇ? ಅವಳಿಗೆ ಏನು ಹೇಳಲಿ?

ಉತ್ತರ: ಕೂಡಿ ನಿಲ್ಲುತ್ತವೆ. ಆದರೆ ಪುಕ್ಕಟೆಯಾಗಿ ಅಲ್ಲ. ಯಾವ ದಾರಿ ಹಿಡಿದರೂ ಏನಾದರೊಂದು ತೆರಬೇಕಾಗುತ್ತದೆ. ಶಿಬಿರದವರು ತಮ್ಮ ದಾರಿಯ ಬೆಲೆ ಹೇಳಲಿಲ್ಲ, ಉಪನ್ಯಾಸಕರೂ ಹೇಳಲಿಲ್ಲ. ನಿಮ್ಮ ಅತ್ತೆಯವರು ಹೇಳಿದ್ದು ನಿಜವೇ ಆದರೂ ಪೋಪರ ಮಾತಿಗೆ ಒಂದು ಬಾಲವಿದೆ, ಅದನ್ನು ಬಿಟ್ಟುಬಿಟ್ಟರು. ಜನ ಜಗಳವಾಡುವುದು ಹೆಚ್ಚಾಗಿ ಸೃಷ್ಟಿಯ ಆರು ದಿನಗಳ ಬಗ್ಗೆ, ಕೋತಿಯ ಬಗ್ಗೆ. ಅವೆರಡೂ ಸುಲಭದ ಪ್ರಶ್ನೆಗಳು. ನಿಜವಾದ ತೊಡಕು ಇರುವುದು ಆದಾಮನಲ್ಲಿ ಮತ್ತು ಮರಣದಲ್ಲಿ. ಸುಲಭದ್ದನ್ನು ಮೊದಲು ಮುಗಿಸಿಬಿಡೋಣ.

ಕೋತಿಯ ಮಾತು

ಮನುಷ್ಯ ಕೋತಿಯಿಂದ ಬಂದ ಎಂದು ಜೀವಶಾಸ್ತ್ರ ಹೇಳುವುದಿಲ್ಲ. ಚಿಂಪಾಂಜಿಗೂ ನಮಗೂ ಲಕ್ಷಾಂತರ ವರ್ಷಗಳ ಹಿಂದೆ ಒಂದೇ ಪೂರ್ವಜ ಕುಲವಿತ್ತು ಎನ್ನುತ್ತದೆ. ದೊಡ್ಡಪ್ಪನ ಮಗ ನಿಮ್ಮ ತಂದೆಯಲ್ಲ, ಆದರೆ ಅಜ್ಜ ಒಬ್ಬನೇ. "ಹಾಗಾದರೆ ಈಗಲೂ ಕೋತಿಗಳು ಯಾಕಿವೆ?" ಎಂಬ ಶಿಬಿರದ ಹಳೇ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ಇದಕ್ಕೆ ಪುರಾವೆ ಏನು? ಪಳೆಯುಳಿಕೆಯ ಮಾತು ಆಮೇಲೆ. ನಿಮ್ಮ ಮಗಳಿಗೆ ಬೇಗ ಮನದಟ್ಟಾಗುವುದು ಜೀನ್‌ಗಳ ಪುರಾವೆ. ಕನ್ನಡ ಓದಿದವರಿಗೆ ಇದು ಇನ್ನೂ ಸುಲಭ, ಏಕೆಂದರೆ ನಮ್ಮ ಗ್ರಂಥಸಂಪಾದಕರು ಇದೇ ತರ್ಕ ಬಳಸುತ್ತಾರೆ. ಒಂದು ಹಳಗನ್ನಡ ಕಾವ್ಯದ ಐದು ಓಲೆಪ್ರತಿಗಳು ಸಿಕ್ಕವು ಅನ್ನಿ. ಮೂರರಲ್ಲಿ ಒಂದೇ ಪದ್ಯದ ಒಂದೇ ಜಾಗದಲ್ಲಿ ಒಂದೇ ಅಕ್ಷರ ಬಿಟ್ಟುಹೋಗಿದ್ದರೆ, ಆ ಮೂರೂ ಒಂದೇ ಮೂಲಪ್ರತಿಯಿಂದ ಇಳಿದವು ಎಂದು ಸಂಪಾದಕ ತೀರ್ಮಾನಿಸುತ್ತಾನೆ. ಸರಿಯಾದ ಪಾಠ ಎಲ್ಲರಲ್ಲೂ ಹೊಂದುವುದು ಸಹಜ, ಒಂದೇ ತಪ್ಪು ಹೊಂದುವುದು ಸಹಜವಲ್ಲ. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ವಿದ್ವಾಂಸರು ಗುಂಪು ಮಾಡಿದ್ದೂ ಹೀಗೆಯೇ.

ಇದೇ ಕಣ್ಣಿನಿಂದ ವಿಟಮಿನ್ ಸಿ ತಯಾರಿಸುವ ಜೀನ್ ನೋಡಿ. ಬಹುತೇಕ ಸಸ್ತನಿಗಳು ಈ ವಿಟಮಿನ್ನನ್ನು ದೇಹದಲ್ಲೇ ಮಾಡಿಕೊಳ್ಳುತ್ತವೆ. ನಮ್ಮಲ್ಲಿ ಆ ಜೀನ್ ಇದೆ, ಆದರೆ ಮುರಿದುಬಿದ್ದಿದೆ. ಅದಕ್ಕೇ ನಿಂಬೆ, ನೆಲ್ಲಿಕಾಯಿ ಬೇಕು. ಚಿಂಪಾಂಜಿ, ಗೊರಿಲ್ಲಾ, ನಮ್ಮ ಊರ ಮಂಗಗಳಲ್ಲೂ ಅದು ಮುರಿದಿದೆ, ಅದೂ ನಮ್ಮದರ ಜೊತೆ ಹೊಂದುವ ರೀತಿಯಲ್ಲಿ. ಗಿನಿಯಿಲಿಯಲ್ಲೂ ಮುರಿದಿದೆ, ಆದರೆ ಅಲ್ಲಿ ಮುರಿದ ಬಗೆಯೇ ಬೇರೆ. ಇನ್ನೊಂದು ಸಾಕ್ಷಿ ವರ್ಣತಂತುಗಳದ್ದು, ಅಂದರೆ ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್‌ಗಳದ್ದು. ಚಿಂಪಾಂಜಿಗೆ 24 ಜೋಡಿ, ನಮಗೆ 23. ಒಂದು ಜೋಡಿ ಎಲ್ಲಿ ಹೋಯಿತು? ನಮ್ಮ ಎರಡನೇ ವರ್ಣತಂತು ಎರಡು ತಂತುಗಳು ತುದಿಗೆ ತುದಿ ಬೆಸೆದು ಆದದ್ದು. ತುದಿಯಲ್ಲಿ ಮಾತ್ರ ಇರಬೇಕಾದ ಬರಹದ ಅವಶೇಷ ಅದರ ನಡುವೆ ಸಿಗುತ್ತದೆ, ಕೆಲಸ ಮಾಡದ ಎರಡನೆಯ ಸೆಂಟ್ರೊಮಿಯರ್‌ನ (ಪ್ರತಿ ತಂತುವಿಗೂ ಒಂದೇ ಇರುವ ನಡುಗಂಟಿನ) ಗುರುತೂ ಸಿಗುತ್ತದೆ. "ಒಬ್ಬನೇ ಶಿಲ್ಪಿ, ಅದಕ್ಕೇ ಒಂದೇ ವಿನ್ಯಾಸ" ಎಂಬ ವಾದ ಚೆನ್ನಾಗಿ ಕೆಲಸ ಮಾಡುವ ಅಂಗಗಳಿಗೆ ಹೊಂದೀತು. ಒಂದೇ ಕಡೆ ಒಂದೇ ರೀತಿ ಮುರಿದದ್ದಕ್ಕೆ ಹೊಂದುವುದಿಲ್ಲ.

ನಡುವಿನ ಜೀವಿಗಳ ಪಳೆಯುಳಿಕೆ ಸಿಕ್ಕೇ ಇಲ್ಲ ಎಂಬ ಮಾತೂ ಶಿಬಿರದಲ್ಲಿ ಬಂದಿರುತ್ತದೆ. 37.5 ಕೋಟಿ ವರ್ಷ ಹಳೆಯ ಪದರಗಳಲ್ಲಿ ಮೀನಿಗೂ ಕಾಲಿನ ಪ್ರಾಣಿಗೂ ನಡುವಿನದು ಸಿಗಬೇಕು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಹುಡುಕಲು ಹೋದವರಿಗೆ 2004ರಲ್ಲಿ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಟಿಕ್ಟಾಲಿಕ್ ಸಿಕ್ಕಿತು. ನಮ್ಮ ದೇಶದಲ್ಲೇ, ಜಮ್ಮುವಿನ ಕಾಲಾಕೋಟ್ ಕಡೆ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿಟ್ಟ ಕಲ್ಲುಗಳಲ್ಲಿ ಇಂಡೋಹಯಸ್ ಇತ್ತು. ಬೆಕ್ಕಿನ ಗಾತ್ರದ, ಗೊರಸಿನ ಈ ಪ್ರಾಣಿಯ ಕಿವಿಯ ಮೂಳೆ ತಿಮಿಂಗಿಲದ್ದರ ಹಾಗಿದೆ. ಕಛ್‌ನಲ್ಲಿ ಸಿಕ್ಕ ಕಛಿಸೀಟಸ್ ಎಂಬ ಆದಿಮ ತಿಮಿಂಗಿಲಕ್ಕೆ ಕಾಲುಗಳೂ ಇದ್ದವು, ಈಜುವ ಉದ್ದ ಬಾಲವೂ ಇತ್ತು.

ದಿನಗಳ ಲೆಕ್ಕ

ಭೂಮಿಗೆ ಆರು ಸಾವಿರ ವರ್ಷ ಎಂದು ಸತ್ಯವೇದದ (ಬೈಬಲಿನ) ಯಾವ ವಚನದಲ್ಲೂ ಇಲ್ಲ. ಅದು ವಂಶಾವಳಿಗಳನ್ನು ಕೂಡಿ ತೆಗೆದ ಲೆಕ್ಕ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಕೂಡಿ ಕಳೆದು ಕ್ರಿ.ಪೂ. 4004ರ ಅಕ್ಟೋಬರ್ ಎಂದ. 1701ರ ಹೊತ್ತಿಗೆ ಆ ಇಸವಿ ಇಂಗ್ಲಿಷ್ ಬೈಬಲಿನ ಪುಟದ ಅಂಚಿಗೆ ಏರಿತು. ಅಂಚಿನಲ್ಲಿ ಅಚ್ಚಾದದ್ದು ನಿಧಾನಕ್ಕೆ ವಚನದಷ್ಟೇ ಗಟ್ಟಿಯಾಗಿ ಕುಳಿತುಬಿಟ್ಟಿತು.

ಕಲ್ಲಿನ ವಯಸ್ಸು ತಿಳಿಯುವ ಬಗೆಯನ್ನು ಮಗಳಿಗೆ ಹೇಳಿಕೊಡಿ, ಏಕೆಂದರೆ ಶಿಬಿರಗಳಲ್ಲಿ "ಕಾರ್ಬನ್ ಡೇಟಿಂಗ್ ತಪ್ಪು ತೋರಿಸುತ್ತದೆ" ಎಂಬ ಮಾತು ತಪ್ಪದೇ ಬರುತ್ತದೆ. ಕಾರ್ಬನ್ 14ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 5,730 ವರ್ಷ. ಸುಮಾರು 50,000 ವರ್ಷ ದಾಟಿದ ಮೇಲೆ ಅಳೆಯುವಷ್ಟು ಉಳಿಯುವುದೇ ಇಲ್ಲ. ಅದು ಮರ, ಮೂಳೆ, ಇದ್ದಿಲಿಗೆ. ಹಳೆಯ ಬಂಡೆಗಳಿಗೆ ಅದನ್ನು ಯಾರೂ ಬಳಸುವುದಿಲ್ಲ. ಅಲ್ಲಿ ಬೇಕಾಗುವುದು ಜಿರ್ಕಾನ್ ಎಂಬ ಸಣ್ಣ ಹರಳು. ಅದು ಹೆಪ್ಪುಗಟ್ಟುವಾಗ ಯುರೇನಿಯಂ ಅನ್ನು ಒಳಕ್ಕೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಳಗೆ ಈಗ ಸಿಗುವ ಸೀಸ ಯುರೇನಿಯಂ ಕ್ಷಯಿಸಿ ಆದದ್ದು. ಅದರಲ್ಲೂ ಎರಡು ಗಡಿಯಾರ: ಯುರೇನಿಯಂ 238ರ ಅರ್ಧಾಯು ಸುಮಾರು 447 ಕೋಟಿ ವರ್ಷ, 235ರದ್ದು ಸುಮಾರು 70 ಕೋಟಿ. ಒಂದೇ ಹರಳಿನೊಳಗೆ ಬೇರೆಬೇರೆ ವೇಗದಲ್ಲಿ ಓಡುವ ಎರಡೂ ಒಂದೇ ಹೊತ್ತು ತೋರಿಸಿದರೆ ಮಾತ್ರ ಆ ವಯಸ್ಸು ಗಟ್ಟಿ. ಹರಳಿಗೆ ಮಧ್ಯೆ ಕಾವು ತಗಲಿ ಸೀಸ ಸೋರಿಹೋಗಿದ್ದರೆ ಎರಡೂ ಹೊಂದುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಉಲ್ಕಾಶಿಲೆಗಳ ಸೀಸವನ್ನು ಅಳೆದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಗೆ 455 ಕೋಟಿ ವರ್ಷ ಎಂದ. ಇಂದಿನ ಲೆಕ್ಕ 454 ಕೋಟಿ, ಹೆಚ್ಚೇನೂ ಕದಲಿಲ್ಲ. ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಗುಡ್ಡ ಹತ್ತಿಸಿ, ಕೆಂಪೇಗೌಡ ಗೋಪುರದ ಕೆಳಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ಭೂವೈಜ್ಞಾನಿಕ ಸರ್ವೇಕ್ಷಣೆಯವರ ಫಲಕವೂ ಅಲ್ಲಿದೆ.

ಹಾಗಾದರೆ ಸೃಷ್ಟಿಯ ಕಥೆ ಹೇಳುವ ಆದಿಕಾಂಡ, ಸತ್ಯವೇದದ ಮೊದಲ ಪುಸ್ತಕ, ಸುಳ್ಳೇ? ಅದಕ್ಕೆ ಮೊದಲು ಅದು ಯಾವ ಬಗೆಯ ಬರಹ ಎಂದು ಕೇಳಬೇಕು. ಈ ಪ್ರಶ್ನೆ ಡಾರ್ವಿನ್ನನಿಗೆ ಹೆದರಿ ಎದ್ದದ್ದಲ್ಲ. ಮೂರನೇ ಶತಮಾನದ ಅಲೆಗ್ಸಾಂಡ್ರಿಯಾದ ಕ್ರೈಸ್ತ ಪಂಡಿತ ಓರಿಗೆನ್, ಸೂರ್ಯನಿಲ್ಲದೆ ಮೊದಲ ಮೂರು ದಿನಗಳ ಸಾಯಂಕಾಲ, ಪ್ರಾತಃಕಾಲ ಆದದ್ದು ಹೇಗೆ ಎಂದು ಕೇಳಿದ್ದ. ಸೂರ್ಯ ಬರುವುದು ನಾಲ್ಕನೇ ದಿನ. ಹಿಪ್ಪೋದ ಬಿಷಪ್ ಅಗಸ್ಟೀನ್ 415ರ ಸುಮಾರಿಗೆ ಆದಿಕಾಂಡದ ಮೇಲಿನ ತನ್ನ ದೊಡ್ಡ ಭಾಷ್ಯ ಮುಗಿಸಿದ. ಆ ದಿನಗಳು ನಮ್ಮ ದಿನಗಳಂಥವಲ್ಲ, ದೇವರು ಬೀಜರೂಪದಲ್ಲಿಟ್ಟದ್ದು ಕಾಲಕ್ರಮದಲ್ಲಿ ಹೊರಹೊಮ್ಮಿತು ಎಂಬುದು ಅವನ ಓದು. ಇಷ್ಟೇ ಅಲ್ಲ, ಭೂಮಿ ಆಕಾಶಗಳ ವಿಷಯ ಬಲ್ಲ ಅನ್ಯರ ಮುಂದೆ ಕ್ರೈಸ್ತನೊಬ್ಬ ಧರ್ಮಗ್ರಂಥದ ಹೆಸರಲ್ಲಿ ಅಸಂಬದ್ಧ ಮಾತಾಡಿದರೆ, ಅವರು ಪುನರುತ್ಥಾನದ ವಿಷಯದಲ್ಲಿ ಅದೇ ಗ್ರಂಥವನ್ನು ಹೇಗೆ ನಂಬಿಯಾರು ಎಂದೂ ಕೇಳಿದ. ಅಗಸ್ಟೀನ್ ವಿಕಾಸವಾದಿಯೇನಲ್ಲ, ಆ ಕಿರೀಟ ಅವನಿಗೆ ತೊಡಿಸುವುದು ಬೇಡ. ಪ್ರಾಟೆಸ್ಟಂಟ್ ಸುಧಾರಕ ಲೂಥರ್ ಅವನ ಈ ಓದನ್ನು ನೇರವಾಗಿ ತಳ್ಳಿಹಾಕಿ ಆರು ದಿನ ಅಂದರೆ ಆರು ದಿನವೇ ಅಂದ. ಅಂದರೆ ಸಭೆಯೊಳಗೆ ಈ ವಿಷಯದಲ್ಲಿ ಎರಡು ಓದು ಮೊದಲಿನಿಂದಲೂ ಇದ್ದವು.

ಇವತ್ತು ಶಿಬಿರಗಳಲ್ಲಿ ಹೇಳುವ ಎಳೆಯ ಭೂಮಿಯ ವಾದ, ಪಳೆಯುಳಿಕೆಗಳೆಲ್ಲ ನೋಹನ ಜಲಪ್ರಳಯದವು ಎನ್ನುವುದು, ಹಳೆಯದಾಗಿ ಕಾಣುತ್ತದೆ ಅಷ್ಟೇ. ಅದಕ್ಕೆ ರೂಪ ಕೊಟ್ಟವನು ಅಡ್ವೆಂಟಿಸ್ಟ್ ಸಭೆಯ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್, 1923ರಲ್ಲಿ. 1961ರಲ್ಲಿ ವಿಟ್‌ಕಂ ಮತ್ತು ಮಾರಿಸ್ ಎಂಬ ಇಬ್ಬರು ಅಮೆರಿಕನ್ನರು ಅದನ್ನೇ ಬೆಳೆಸಿ ಹರಡಿದರು. 1925ರಲ್ಲಿ ಟೆನೆಸ್ಸಿಯ ಡೇಟನ್ ಊರಲ್ಲಿ ವಿಕಾಸ ಕಲಿಸಿದ ಶಿಕ್ಷಕನ ಮೇಲೆ ಮೊಕದ್ದಮೆ ನಡೆದಾಗ, ಸೃಷ್ಟಿಯ ಪರ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಕೂಡ ಆ ದಿನಗಳು 24 ಗಂಟೆಯವೇ ಆಗಬೇಕಿಲ್ಲ ಎಂದು ಕಟಕಟೆಯಲ್ಲಿ ಒಪ್ಪಿದ್ದ.

ಅರ್ಧ ಗಂಟೆ ಬಿಡುವು ಮಾಡಿಕೊಂಡು ಮಗಳ ಜೊತೆ ಇಷ್ಟು ಮಾಡಿ. ಕನ್ನಡ ಸತ್ಯವೇದ ತೆಗೆದು ಆದಿಕಾಂಡದ 1 ಮತ್ತು 2ನೇ ಅಧ್ಯಾಯಗಳಲ್ಲಿ ಯಾವುದಾದ ಮೇಲೆ ಯಾವುದು ಎಂದು ಅಕ್ಕಪಕ್ಕ ಪಟ್ಟಿ ಮಾಡಿ. ಮೊದಲನೆಯದರಲ್ಲಿ ಗಿಡಮರ, ಮೀನು ಹಕ್ಕಿ, ಮೃಗಗಳು, ಕೊನೆಗೆ ಗಂಡು ಹೆಣ್ಣು ಒಟ್ಟಿಗೆ. ಎರಡನೆಯದರಲ್ಲಿ 7ನೇ ವಚನದಲ್ಲೇ ಮನುಷ್ಯ, ಆಮೇಲೆ ತೋಟ, 19ರಲ್ಲಿ ಪ್ರಾಣಿಗಳು, 22ರಲ್ಲಿ ಸ್ತ್ರೀ. ಎರಡನ್ನೂ ದಿನಚರಿಯ ಹಾಗೆ ಓದಿದರೆ ಪುಸ್ತಕದ ಮೊದಲೆರಡು ಪುಟಗಳೇ ಒಂದನ್ನೊಂದು ಅಲ್ಲಗಳೆಯುತ್ತವೆ. ಇವನ್ನು ಜೋಡಿಸಿಟ್ಟವರಿಗೆ ಅದು ಕಾಣಲಿಲ್ಲವೇ? ಕಂಡೇ ಇರಬೇಕು. ಅವರ ಗಮನ ಬೇರೆ ಕಡೆ ಇತ್ತು. ಸುತ್ತಲಿನ ಬಾಬಿಲೋನಿನವರು ಸೂರ್ಯ ಚಂದ್ರರನ್ನು ದೇವರೆಂದು ಪೂಜಿಸುತ್ತಿದ್ದಾಗ, ಆದಿಕಾಂಡ ಅವುಗಳ ಹೆಸರನ್ನೂ ಎತ್ತದೆ ದೊಡ್ಡ ಬೆಳಕು, ಚಿಕ್ಕ ಬೆಳಕು ಅನ್ನುತ್ತದೆ. ಅವು ದೇವರು ತೂಗುಹಾಕಿದ ದೀಪಗಳು ಎಂಬುದು ಆ ಕಾಲಕ್ಕೆ ಬೆಚ್ಚಿಬೀಳಿಸುವ ಮಾತು.

ಆದಾಮ: ನಿಜವಾದ ತೊಡಕು

ಈಗ ಶಿಬಿರದವರ ಸರಪಳಿಗೆ ಬರೋಣ. ಅವರು ಎತ್ತಿದ ಪ್ರಶ್ನೆ ಹಗುರದ್ದಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ, ಒಬ್ಬ ಮನುಷ್ಯನಿಂದ ಪಾಪವೂ ಪಾಪದಿಂದ ಮರಣವೂ ಲೋಕದೊಳಗೆ ಬಂದವು ಎಂದು ಹೇಳಿ, ಆ ಒಬ್ಬನಿಗೆ ಎದುರಾಗಿ ಕ್ರಿಸ್ತನೆಂಬ ಒಬ್ಬನನ್ನು ನಿಲ್ಲಿಸುತ್ತಾನೆ. ಇನ್ನೊಂದು ಕಡೆ ತಳಿಶಾಸ್ತ್ರದ ಲೆಕ್ಕವಿದೆ. ಇಬ್ಬರೇ ಇದ್ದರೆ ಯಾವುದೇ ಜೀನಿನ ಹೆಚ್ಚೆಂದರೆ ನಾಲ್ಕು ರೂಪಗಳು ಅವರಲ್ಲಿ ಇರಬಲ್ಲವು. ಇಂದು ನಮ್ಮಲ್ಲಿರುವ ವೈವಿಧ್ಯ ಅಷ್ಟರಿಂದ ಕೆಲವೇ ಸಾವಿರ ವರ್ಷಗಳಲ್ಲಿ ಹುಟ್ಟುವಂಥದ್ದಲ್ಲ. ನಮ್ಮ ಪೂರ್ವಜರ ಗುಂಪು ಕಳೆದ ಕೆಲವು ಲಕ್ಷ ವರ್ಷಗಳಲ್ಲಿ ಸಾಮಾನ್ಯವಾಗಿ ಹತ್ತು ಸಾವಿರದ ಆಸುಪಾಸಿನಲ್ಲಿತ್ತು, ಬರೀ ಇಬ್ಬರಿಗೆ ಇಳಿದ ಗುರುತಿಲ್ಲ ಎಂದು ಆ ಲೆಕ್ಕ ಹೇಳುತ್ತದೆ. "ಮೈಟೊಕಾಂಡ್ರಿಯದ ಹವ್ವ ಸಿಕ್ಕಿದ್ದಾಳಲ್ಲ" ಎಂದು ಯಾರಾದರೂ ಅಂದರೆ ಮೋಸಹೋಗಬೇಡಿ. ಆಕೆ ಆ ಕಾಲದ ಒಬ್ಬಳೇ ಹೆಂಗಸಲ್ಲ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದಲೇ ಬರುವುದು, ಹಾಗೆ ತಾಯಿಯಿಂದ ಮಗಳಿಗೆ ಇಳಿಯುವ ಎಳೆ ಇಂದಿನವರೆಗೆ ಕಡಿಯದೆ ಬಂದದ್ದು ಆಕೆಯದು, ಅಷ್ಟೇ.

ಇದನ್ನು ಎದುರಿಸುವ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಶಿಬಿರದ್ದು. ಭೂಮಿ ಎಳೆಯದು, ಆದಾಮ ನೇರ ಮಣ್ಣಿನಿಂದ. ಪೌಲನನ್ನು ಓದುವುದು ಇಲ್ಲಿ ತೀರಾ ಸರಳ. ಆದರೆ ಭೂವಿಜ್ಞಾನ, ಖಗೋಳ, ತಳಿಶಾಸ್ತ್ರ ಮೂರೂ ಒಟ್ಟಿಗೆ ತಪ್ಪು ಎನ್ನಬೇಕಾಗುತ್ತದೆ, ಇಲ್ಲವೇ ದೇವರು ಹಳೆಯದಾಗಿ ಕಾಣುವಂತೆಯೇ ಎಲ್ಲವನ್ನೂ ಮಾಡಿದ ಎನ್ನಬೇಕಾಗುತ್ತದೆ. ಈ ಎರಡನೇ ಮಾತನ್ನು 1857ರಲ್ಲೇ ಫಿಲಿಪ್ ಗಾಸ್ ಎಂಬ ಭಕ್ತ ಪ್ರಾಣಿಶಾಸ್ತ್ರಜ್ಞ ಹೇಳಿ ನೋಡಿದ. ದೇವರು ಬಂಡೆಗಳ ಮೇಲೆ ಸುಳ್ಳು ಬರೆದಿಟ್ಟನೇ ಎಂಬ ಪ್ರಶ್ನೆ ಎದುರಾಯಿತು. ಅದಕ್ಕೆ ಸರಿಯಾದ ಉತ್ತರ ಇಂದಿಗೂ ಇಲ್ಲ.

ಎರಡನೆಯದು, ಭೂಮಿ ಹಳೆಯದೆಂದು ಒಪ್ಪಿ, ಮನುಷ್ಯನನ್ನು ಮಾತ್ರ ದೇವರು ಬೇರೆಯಾಗಿ ಉಂಟುಮಾಡಿದ ಎನ್ನುವುದು. ಬಂಡೆಗಳ ಜಗಳ ಮುಗಿಯುತ್ತದೆ. ಮುರಿದ ಜೀನ್, ಬೆಸೆದ ವರ್ಣತಂತು ಎರಡೂ ಗಂಟಲಲ್ಲೇ ಉಳಿಯುತ್ತವೆ.

ಮೂರನೆಯದು ಹೀಗೆ: ದೇಹ ವಿಕಾಸದಿಂದ ಬಂತು, ಆಗ ಇದ್ದ ಅನೇಕರಲ್ಲಿ ಒಂದು ದಂಪತಿಯನ್ನು ದೇವರು ಕರೆದು ತನ್ನ ಸಂಗಡ ಒಡಂಬಡಿಕೆಗೆ ತಂದ, ಅವರು ಎಲ್ಲರ ಪರವಾಗಿ ನಿಂತರು, ಬಿದ್ದರು. ಆಂಗ್ಲಿಕನ್ ಸಭಾಪಾಲಕ ಜಾನ್ ಸ್ಟಾಟ್ ಇದೇ ಜಾಡಿನಲ್ಲಿ ಬರೆದಿದ್ದರು. ಅಬ್ರಹಾಮನೊಬ್ಬನನ್ನು ಕರೆದು ಜನಾಂಗಗಳಿಗೆ ಆಶೀರ್ವಾದವಾಗಿಸಿದ ದೇವರಿಗೆ ಇದು ಹೊಸ ರೀತಿಯೇನಲ್ಲ. ಸಂಡೇ ಸ್ಕೂಲಿನ ಹಳೇ ಒಗಟುಗಳೂ ಇಲ್ಲಿ ಬಿಡಿಸಿಕೊಳ್ಳುತ್ತವೆ. ಆದಾಮನ ಮಗ ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು? "ನನ್ನನ್ನು ಕಂಡವರು ಕೊಲ್ಲುವರು" ಎಂದು ಅವನು ಹೆದರಿದ್ದು ಯಾರಿಗೆ? ಊರು ಕಟ್ಟಿದ್ದು ಯಾರಿಗಾಗಿ? ಇದರ ಬೆಲೆ ಏನೆಂದರೆ, ಆ ಉಳಿದವರು ದೇವರ ಸ್ವರೂಪದಲ್ಲಿದ್ದರೋ ಇಲ್ಲವೋ ಎಂಬ ಇರುಸುಮುರುಸಿನ ಪ್ರಶ್ನೆ. ಆದಿಕಾಂಡ ಅವರ ಸುದ್ದಿಯನ್ನು ನೇರವಾಗಿ ಎತ್ತುವುದೇ ಇಲ್ಲ. ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ಹತ್ತು ತಲೆಮಾರು ಹಿಂದೆ ನಿಮಗೆ 1,024 ಪೂರ್ವಜರ ಸ್ಥಾನಗಳಿವೆ, ಇಪ್ಪತ್ತು ತಲೆಮಾರಿಗೆ ಹತ್ತು ಲಕ್ಷ ದಾಟುತ್ತವೆ. ಹಾಗಾಗಿ ತುಂಬ ಹಿಂದಿನ ಒಬ್ಬ ದಂಪತಿ ಇಂದಿನ ಎಲ್ಲರ ವಂಶವೃಕ್ಷದಲ್ಲೂ ಸೇರಿರಬಹುದು, ಅವರ ಡಿಎನ್‌ಎಯ ಚೂರೂ ನಮ್ಮಲ್ಲಿ ಉಳಿಯದೆ ಇರಬಹುದು. ಅಮೆರಿಕದ ಜೀವವಿಜ್ಞಾನಿ ಜೋಶುವಾ ಸ್ವಾಮಿದಾಸ್ 2019ರಲ್ಲಿ ಇದನ್ನೇ ವಿವರವಾಗಿ ವಾದಿಸಿದರು. ಪುರಾವೆ ಎಂದಲ್ಲ, ವಿಜ್ಞಾನ ಇದಕ್ಕೆ ಅಡ್ಡ ಬರುವುದಿಲ್ಲ ಎಂದಷ್ಟೇ.

ನಾಲ್ಕನೆಯದು, ಆದಾಮ ಎಂದರೆ ಮನುಷ್ಯ. ಹೀಬ್ರೂವಿನಲ್ಲಿ ಆ ಪದಕ್ಕೆ ಅರ್ಥವೇ ಅದು, ಮಣ್ಣಿಗೆ ಅದಾಮಾ. ಅದು ನಮ್ಮೆಲ್ಲರ ಕಥೆ, ಪ್ರತಿಯೊಬ್ಬರೂ ದೇವರು ಬೇಡವೆಂದ ಆ ಹಣ್ಣು ತಿಂದವರೇ. ವಿಜ್ಞಾನದ ಜೊತೆ ಇಲ್ಲಿ ಯಾವ ತಿಕ್ಕಾಟವೂ ಇಲ್ಲ. ಆದರೆ ಪೌಲನ "ಒಬ್ಬನಿಂದ, ಒಬ್ಬನಿಂದ" ಎಂಬ ತೂಕ ಒಂದು ಕಡೆ ಹಗುರವಾಗುತ್ತದೆ. ಒಳ್ಳೆಯದಾಗಿ ಉಂಟಾದ ಸೃಷ್ಟಿಯಲ್ಲಿ ಎಲ್ಲರೂ ಒಬ್ಬರೂ ಬಿಡದೆ ಪಾಪಕ್ಕೆ ಬಿದ್ದದ್ದು ಹೇಗೆ ಎಂದು ವಿವರಿಸುವುದೂ ಕಷ್ಟವಾಗುತ್ತದೆ.

ನನ್ನ ಒಲವು ಮೂರನೆಯದರ ಕಡೆಗೆ, ಏಕೆಂದರೆ ಅದು ಪೌಲನನ್ನೂ ಜೀನನ್ನೂ ಏಕಕಾಲಕ್ಕೆ ಗಂಭೀರವಾಗಿ ತೆಗೆದುಕೊಳ್ಳುತ್ತದೆ. ನಾಲ್ಕನೆಯದನ್ನು ಹಿಡಿದ ಪ್ರಾಮಾಣಿಕ ವಿಶ್ವಾಸಿಗಳೂ ಇದ್ದಾರೆ. ನಿಮ್ಮ ಸಭೆ ಭಾನುವಾರ ಅರಿಕೆ ಮಾಡುವ ವಿಶ್ವಾಸಪ್ರಮಾಣದಲ್ಲಿ ದೇವರು ಭೂಪರಲೋಕಗಳ ಸೃಷ್ಟಿಕರ್ತ ಎಂದಿದೆ, ಎಷ್ಟು ದಿನದಲ್ಲಿ, ಯಾವ ವಿಧಾನದಿಂದ ಎಂದಿಲ್ಲ. ಎಲ್ಲ ಸಭೆಗಳೂ ಹೀಗಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟರು 2015ರಲ್ಲಿ ಇತ್ತೀಚಿನ, ಆರು ದಿನಗಳ ಸೃಷ್ಟಿ ಎಂದು ತಮ್ಮ ನಂಬಿಕೆಯ ಹೇಳಿಕೆಯಲ್ಲೇ ಬರೆದುಕೊಂಡರು. ಶಿಬಿರ ನಡೆಸಿದವರು ಯಾವ ಸಭೆಯವರು ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಅತ್ತೆಯವರು ಹೇಳಿದ ಪೋಪರ ಮಾತಿನ ಬಾಲ ಇಲ್ಲೇ ಬರುತ್ತದೆ. 1950ರಲ್ಲಿ ಹನ್ನೆರಡನೇ ಪಿಯುಸ್ ದೇಹದ ಮೂಲದ ಬಗ್ಗೆ ವಿಕಾಸದ ಸಂಶೋಧನೆಗೆ ಅಡ್ಡಿಯಿಲ್ಲ ಎಂದರು, ಆದರೆ ಆತ್ಮವನ್ನು ದೇವರೇ ನೇರವಾಗಿ ಉಂಟುಮಾಡುತ್ತಾನೆ ಎಂಬುದನ್ನು ಬಿಡುವಂತಿಲ್ಲ. ಮೊದಲ ಮನುಷ್ಯರು ಒಂದು ಜೋಡಿಯಲ್ಲ, ಅನೇಕರು ಎಂಬ ಮಾತು ಜನ್ಮಪಾಪದ (ಆದಾಮನ ಪಾಪ ಎಲ್ಲರಿಗೂ ಇಳಿದು ಬಂತೆನ್ನುವ) ಬೋಧನೆಗೆ ಹೇಗೆ ಹೊಂದೀತು ಎಂದು ಕಾಣುತ್ತಿಲ್ಲ ಎಂದೂ ಸೇರಿಸಿದರು. 1996ರ ಅಕ್ಟೋಬರ್ 22ರಂದು ಎರಡನೇ ಜಾನ್ ಪಾಲ್, ವಿಕಾಸ ಬರೀ ಊಹೆಗಿಂತ ಹೆಚ್ಚಿನದು ಎಂದರು. 2014ರಲ್ಲಿ ಫ್ರಾನ್ಸಿಸ್, ದೇವರು ಮಂತ್ರದಂಡ ಹಿಡಿದ ಮಾಂತ್ರಿಕನಲ್ಲ ಎಂದರು. ಕಥೊಲಿಕ್ ಧರ್ಮೋಪದೇಶದ 390ನೇ ಪರಿಚ್ಛೇದ ಮಾತ್ರ, ಆದಿಕಾಂಡದ ಮೂರನೇ ಅಧ್ಯಾಯದ ಭಾಷೆ ಸಾಂಕೇತಿಕವಾದರೂ ಅದು ಹೇಳುವುದು ಮನುಷ್ಯಚರಿತ್ರೆಯ ಆರಂಭದಲ್ಲಿ ನಡೆದ ಘಟನೆಯನ್ನು ಎನ್ನುತ್ತದೆ. ಹಾಗಾಗಿ ನಾಲ್ಕನೇ ದಾರಿ ಅತ್ತೆಯವರಿಗೆ ಅಷ್ಟು ಸಲೀಸಲ್ಲ.

ಮರಣದ ಪ್ರಶ್ನೆ

ಆದಾಮನಿಗಿಂತ ಮೊದಲೇ ಕೋಟ್ಯಂತರ ವರ್ಷ ಪ್ರಾಣಿಗಳು ಸತ್ತಿದ್ದರೆ, ಪಾಪದಿಂದ ಮರಣ ಬಂತು ಎನ್ನುವುದು ಹೇಗೆ? ಪೌಲ ಆ ವಚನದಲ್ಲಿ ಮರಣವು ಎಲ್ಲಾ ಮನುಷ್ಯರಿಗೂ ವ್ಯಾಪಿಸಿತು ಎನ್ನುತ್ತಾನೆ, ಪ್ರಾಣಿಗಳ ಮಾತೆತ್ತುವುದಿಲ್ಲ. ತಿಂದ ದಿನವೇ ಸಾಯುವಿ ಎಂಬ ಎಚ್ಚರಿಕೆ ಆದಿಕಾಂಡ 2:17ರಲ್ಲಿದೆ, ಆದಾಮ 930 ವರ್ಷ ಬದುಕಿದ ಎಂದು 5:5ರಲ್ಲಿದೆ. ಆ ದಿನ ಸತ್ತದ್ದು ದೇಹವಲ್ಲ, ದೇವರ ಸಂಗಡ ಇದ್ದ ಸಂಬಂಧ. ಅಲ್ಲದೆ ಅವರು ಹುಟ್ಟಾ ಅಮರರಾಗಿದ್ದರೆ ತೋಟದಲ್ಲಿ ಜೀವವೃಕ್ಷ ಏಕೆ ಬೇಕಿತ್ತು? 104ನೇ ಕೀರ್ತನೆಯಲ್ಲಿ ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸಿ ದೇವರಿಂದ ಆಹಾರ ಕೇಳುತ್ತವೆ. ಕೀರ್ತನೆಗಾರ ಅದನ್ನು ಶಾಪ ಅನ್ನುವುದಿಲ್ಲ, ಸ್ತುತಿಯೊಳಗೇ ಸೇರಿಸುತ್ತಾನೆ.

ವಚನಗಳ ತೊಡಕು ಇಷ್ಟಕ್ಕೆ ಸಡಿಲವಾಗುತ್ತದೆ. ನೋವಿನ ತೊಡಕು ಆಗುವುದಿಲ್ಲ. 1860ರ ಮೇ ತಿಂಗಳಲ್ಲಿ ಡಾರ್ವಿನ್ ತನ್ನ ಗೆಳೆಯ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ಬದುಕಿರುವ ಕಂಬಳಿಹುಳುವಿನ ಒಳಗೇ ತನ್ನ ಮರಿಗಳು ತಿಂದು ಬೆಳೆಯಲಿ ಎಂದು ಮೊಟ್ಟೆಯಿಡುವ ಕಣಜವನ್ನು ಕರುಣಾಮಯ ದೇವರು ಬೇಕೆಂದೇ ಉಂಟುಮಾಡಿದ ಎಂದು ತನಗೆ ಒಪ್ಪಲಾಗದು ಎಂದ. ಈ ಗ್ರೇ ಹಾರ್ವರ್ಡಿನ ಸಸ್ಯಶಾಸ್ತ್ರಜ್ಞ, ಪ್ರೆಸ್ಬಿಟೇರಿಯನ್ ವಿಶ್ವಾಸಿ, ಅಮೆರಿಕದಲ್ಲಿ ಡಾರ್ವಿನ್ನನ ಪರವಾಗಿ ಮೊದಲು ವಾದಿಸಿದವರಲ್ಲಿ ಒಬ್ಬ. ಡಾರ್ವಿನ್ ತಾನು ನಂಬಿಕೆ ಕಳೆದುಕೊಂಡ ಮೇಲೂ 1879ರ ಒಂದು ಪತ್ರದಲ್ಲಿ, ದೃಢ ಆಸ್ತಿಕನೊಬ್ಬ ವಿಕಾಸವಾದಿಯೂ ಆಗಿರಬಲ್ಲ ಎಂಬುದನ್ನು ಸಂಶಯಿಸುವುದೇ ಅಸಂಬದ್ಧ ಎಂದು ಬರೆದು ಇದೇ ಗ್ರೇಯ ಹೆಸರು ಕೊಟ್ಟ. ನಿಮ್ಮ ಉಪನ್ಯಾಸಕರಿಗೆ ಈ ಪತ್ರದ ಸುದ್ದಿ ಮುಟ್ಟಿದಂತಿಲ್ಲ. ಕಣಜಕ್ಕೆ ನನ್ನಲ್ಲೂ ಅಚ್ಚುಕಟ್ಟಾದ ಉತ್ತರವಿಲ್ಲ. ಆದರೆ ಆ ಪ್ರಶ್ನೆ ವಿಕಾಸದಿಂದ ಹುಟ್ಟಿದ್ದಲ್ಲ. ವಿಕಾಸವನ್ನು ನಿರಾಕರಿಸಿದರೂ ಕಣಜ ಇರುತ್ತದೆ, ಮಕ್ಕಳ ಕ್ಯಾನ್ಸರ್ ಇರುತ್ತದೆ. ಸೃಷ್ಟಿಯೆಲ್ಲಾ ನರಳುತ್ತಿದೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಒಪ್ಪಿಕೊಳ್ಳುತ್ತದೆ, ವಿವರಣೆ ಕೊಡುವುದಿಲ್ಲ.

"ಎಲ್ಲಾ ಆಕಸ್ಮಿಕ, ಹಾಗಾಗಿ ದೇವರಿಲ್ಲ" ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಜೀವಶಾಸ್ತ್ರದಲ್ಲಿ ಮ್ಯುಟೇಶನ್ (ಜೀನಿನಲ್ಲಾಗುವ ಬದಲಾವಣೆ) ಆಕಸ್ಮಿಕ ಎಂದರೆ ಅದು ಜೀವಿಯ ಅಗತ್ಯ ನೋಡಿಕೊಂಡು ಬರುವುದಿಲ್ಲ ಎಂದರ್ಥ. ಅದರ ಹಿಂದೆ ಯಾರೂ ಇಲ್ಲ ಎನ್ನುವುದು ಪ್ರಯೋಗಶಾಲೆಯ ಫಲಿತಾಂಶವಲ್ಲ, ಹೇಳುವವರ ತತ್ವ. 139ನೇ ಕೀರ್ತನೆ, ತಾಯಿಯ ಗರ್ಭದಲ್ಲಿ ನನ್ನನ್ನು ಹೆಣೆದವನು ನೀನೇ ಎನ್ನುತ್ತದೆ. ಭ್ರೂಣ ಒಂದು ಕೋಶದಿಂದ ಹೇಗೆ ಬೆಳೆಯುತ್ತದೆ ಎಂಬ ಪಾಠ ಅದೇ ಬಯಾಲಜಿ ಪುಸ್ತಕದಲ್ಲಿದೆ. ಆ ಪಾಠಕ್ಕೆ ಹೆದರಿ ಪುಸ್ತಕ ಮುಚ್ಚಿದ ಕ್ರೈಸ್ತರನ್ನು ನಾನು ಕಂಡಿಲ್ಲ.

ಈಗ ಮಗಳ ಕೈಯಲ್ಲಿರುವ ಕೆಲಸ

ಪರೀಕ್ಷೆಯ ಸಂಗತಿ ಮೊದಲು. ದಶಾಜ್ಞೆಗಳಲ್ಲಿ ಮಗಳು ನೆನೆಯುವ ಆ ಆಜ್ಞೆ, ನಿಮ್ಮ ಎಣಿಕೆಯಲ್ಲಿ ಒಂಬತ್ತನೆಯದು, ಅತ್ತೆಯವರ ಎಣಿಕೆಯಲ್ಲಿ ಎಂಟನೆಯದು, ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎನ್ನುತ್ತದೆ. ಪ್ರಶ್ನೆಪತ್ರಿಕೆ ಕೇಳುವುದು ಅವಳ ನಂಬಿಕೆಯನ್ನಲ್ಲ, ಆ ಸಿದ್ಧಾಂತ ಅವಳಿಗೆ ಗೊತ್ತೇ ಎಂದು. ಒಂದು ಗುಂಪಿನಲ್ಲಿ ಜೀನ್ ರೂಪಗಳ ಪ್ರಮಾಣ ಲೆಕ್ಕ ಹಾಕುವ ಹಾರ್ಡಿ–ವೈನ್‌ಬರ್ಗ್ ನಿಯಮ ಬರೀ ಗಣಿತ. ತಿಮಿಂಗಿಲದ ಈಜುರೆಕ್ಕೆಯಲ್ಲೂ ಬಾವಲಿಯ ರೆಕ್ಕೆಯಲ್ಲೂ ನಮ್ಮ ತೋಳಿನ ಮೂಳೆಗಳೇ ಇರುವುದು ಕಣ್ಣಿಗೆ ಕಾಣುವ ಸಂಗತಿ. ಅಷ್ಟಾಗಿಯೂ ಮನಸ್ಸು ಕುಟುಕಿದರೆ "ಡಾರ್ವಿನ್ನನ ಪ್ರಕಾರ" ಎಂದು ವಾಕ್ಯ ಶುರುಮಾಡಲಿ, ಅಂಕ ಕಡಿಮೆಯಾಗುವುದಿಲ್ಲ. ಆದರೆ ಪಾಠ ಬಿಡುವುದು ಬೇಡ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸವನ್ನು ತೆಗೆದುಹಾಕಿದ ಮೇಲೆ ಅನೇಕ ಮಕ್ಕಳು ಇದನ್ನು ಮೊದಲ ಸಲ ವಿವರವಾಗಿ ಓದುವುದೇ ಪಿಯುಸಿಯಲ್ಲಿ, ನೀಟ್ ಪಠ್ಯಕ್ರಮದಲ್ಲೂ ಅದಿದೆ. ಆ ಪಾಠವೂ ದೇವವಾಕ್ಯವಲ್ಲ ಎಂದು ಅವಳಿಗೆ ತೋರಿಸಿ. ಮನುಷ್ಯನ ಸಾಲಿನಲ್ಲಿ ಅಲ್ಲಿ ಬರುವ ರಾಮಾಪಿಥೆಕಸ್ ಎಂಬ ಪಳೆಯುಳಿಕೆ ವಾನರವನ್ನು ಇಂದಿನ ತಜ್ಞರು ಒರಾಂಗುಟಾನ್ ಬಳಗದ ಶಿವಾಪಿಥೆಕಸ್ ಜೊತೆ ಸೇರಿಸುತ್ತಾರೆ. ಪರೀಕ್ಷೆಗೆ ಮಾತ್ರ ಪುಸ್ತಕದಲ್ಲಿರುವಂತೆಯೇ ಬರೆಯಲಿ.

ಶಿಬಿರಕ್ಕೆ ಮುಂದೆ ಹೋಗುವುದು ಬೇಡವೆನ್ನಬೇಡಿ. ಗೆಳತಿಯರೂ ಪ್ರಾರ್ಥನೆಯೂ ಅಲ್ಲಿವೆ. ಆ ಸರಪಳಿಯ ಅಪಾಯ ಯಾವಾಗ ಗೊತ್ತಾಗುತ್ತದೆ ಎಂದು ಮಾತ್ರ ತಿಳಿಸಿ. ವಿಕಾಸವೋ ಶಿಲುಬೆಯೋ ಎಂದು ಕಲಿತ ಹುಡುಗಿ ಮುಂದೆ ಮೆಡಿಕಲ್ ಕಾಲೇಜಿನಲ್ಲಿ ತಳಿಶಾಸ್ತ್ರ ಓದಿ ವಿಕಾಸ ನಿಜ ಎಂದು ಮನಗಂಡ ದಿನ, ಶಿಬಿರದವರು ಕಲಿಸಿದ ಲೆಕ್ಕದಂತೆಯೇ ಶಿಲುಬೆಯನ್ನೂ ಕೆಳಗಿಡುತ್ತಾಳೆ. ಉಪನ್ಯಾಸಕರದು ಅದೇ ಲೆಕ್ಕದ ಮತ್ತೊಂದು ತುದಿ. ಈ ವಿಷಯವನ್ನು ನಿಮ್ಮ ಸಭಾಪಾಲಕರ ಹತ್ತಿರವೂ ಎತ್ತಿ, ಆದರೆ ಆರಾಧನೆ ಮುಗಿದ ಗದ್ದಲದಲ್ಲಿ ಬೇಡ, ವಾರದ ನಡುವೆ ಒಂದು ಸಂಜೆ ಮಗಳನ್ನೂ ಕರೆದುಕೊಂಡು ಹೋಗಿ.

ಇನ್ನು ಮೇ ತಿಂಗಳ ವಿ.ಬಿ.ಎಸ್. ಆರೇಳು ವರ್ಷದ ಮಕ್ಕಳ ಮುಂದೆ ಇದಾವುದನ್ನೂ ಬಿಚ್ಚಬೇಕಿಲ್ಲ. ಆದಿಕಾಂಡ 1ರ ಒಳಗಿನ ಹೆಣಿಗೆಯನ್ನೇ ಪಾಠವಾಗಿಸಬಹುದು. ಮೂರು ಜೋಡಿ ಡ್ರಾಯಿಂಗ್ ಹಾಳೆ ಸಾಕು. 1ನೇ ದಿನ ಬೆಳಕು, ಅದರ ಪಕ್ಕ 4ನೇ ದಿನದ ಸೂರ್ಯ ಚಂದ್ರ ನಕ್ಷತ್ರ. 2ನೇ ದಿನ ಆಕಾಶ ಮತ್ತು ನೀರು, ಪಕ್ಕದಲ್ಲಿ 5ನೇ ದಿನದ ಹಕ್ಕಿ ಮೀನು. 3ನೇ ದಿನ ನೆಲ ಮತ್ತು ಗಿಡ, ಪಕ್ಕದಲ್ಲಿ 6ನೇ ದಿನದ ಪ್ರಾಣಿಗಳು ಮತ್ತು ಮನುಷ್ಯರು. ಮೊದಲ ಮೂರರಲ್ಲಿ ಮನೆ ಕಟ್ಟಿದ್ದು, ಮುಂದಿನ ಮೂರರಲ್ಲಿ ಒಕ್ಕಲು ಬಂದದ್ದು. ಪ್ರತಿ ಹಾಳೆಯ ಕೆಳಗೆ "ದೇವರು ಅದನ್ನು ಒಳ್ಳೆಯದೆಂದು ನೋಡಿದನು" ಎಂದು ಬರೆಸಲಿ. ಎರಡನೇ ದಿನಕ್ಕೆ ಕನ್ನಡ ಸತ್ಯವೇದದಲ್ಲಿ ಆ ಮಾತು ಇಲ್ಲ, ಚುರುಕಾದ ಮಗು ಅದನ್ನು ಹಿಡಿದೇ ಹಿಡಿಯುತ್ತದೆ. ಹಿಡಿದರೆ ಚಾಕಲೇಟ್ ಕೊಡಲಿ. ಯಾರಾದರೂ "ಅಕ್ಕಾ, ಡೈನೋಸಾರ್ ಯಾವ ದಿನ?" ಎಂದು ಕೇಳಿದರೆ, "ಇದು ದೇವರ ಮನೆಯ ಪದ್ಯ ಕಣೋ, ಅದರಲ್ಲಿ ಡೈನೋಸಾರ್ ಹೆಸರಿಲ್ಲ. ಅವು ಮನುಷ್ಯರು ಬರುವುದಕ್ಕೆ ಎಷ್ಟೋ ಮೊದಲೇ ಬದುಕಿ ಹೋದವು, ಅವನ್ನೂ ಉಂಟುಮಾಡಿದ್ದು ದೇವರೇ" ಎಂದರೆ ಆಯಿತು. ಆರನೇ ಹಾಳೆಯಲ್ಲಿ ಯಾವುದಾದರೂ ಹುಡುಗ ಡೈನೋಸಾರ್ ಬರೆದೇಬಿಟ್ಟರೆ ಅಳಿಸಬಾರದು.